ಸೂರ್ಯನಾಚೆಯ ಗ್ರಹಗಳನ್ನು ಹುಡುಕಿ ನಮಗೇನು ಪ್ರಯೋಜನ?

(ಜುಮಾ ಖುತ್ಬಾದ ಸಾರಾಂಶ)



ನಮ್ಮ ಸೂರ್ಯನನ್ನು ಬಿಟ್ಟು ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳಿಗೆ ಬಾಹ್ಯಗ್ರಹ ಎನ್ನುತ್ತಾರೆ. ನಂಜನಗೂಡು, ತಿ. ನರಸೀಪುರದ ನಮ್ಮ ಮಕ್ಕಳು ಮೊಬೈಲಿನಲ್ಲಿ ಇವುಗಳ ಸುದ್ದಿ ನೋಡಿ ಮನೆಯಲ್ಲಿ ಪ್ರಶ್ನೆ ಕೇಳುತ್ತಾರೆ. “ಅದರಿಂದ ಹೊಟ್ಟೆ ತುಂಬುತ್ತದೆಯೇ?” ಎನ್ನುವ ಹಿರಿಯರೂ ಇದ್ದಾರೆ. ಇದಕ್ಕೆ ಉತ್ತರ ತಿಳಿದಿರುವುದು ಒಳ್ಳೆಯದು.

ಗ್ರಹಕ್ಕೆ ಸ್ವಂತ ಬೆಳಕಿಲ್ಲ. ನಕ್ಷತ್ರದ ಪ್ರಖರ ಬೆಳಕಿನ ಪಕ್ಕದಲ್ಲಿ ಅದು ಕಣ್ಣಿಗೆ ಬೀಳುವುದು ಬಹಳ ಅಪರೂಪ. ಹಾಗಾಗಿ ವಿಜ್ಞಾನಿಗಳು ಅದರ ಗುರುತುಗಳನ್ನು ಹುಡುಕುತ್ತಾರೆ. ಗ್ರಹವು ನಕ್ಷತ್ರದ ಮುಂದೆ ಹಾದುಹೋದರೆ ಬೆಳಕು ತುಸು ಕುಂದುತ್ತದೆ. ಭೂಮಿಯಷ್ಟು ಗ್ರಹ ಸೂರ್ಯನಂಥ ನಕ್ಷತ್ರದ ಮುಂದೆ ಹಾದರೆ ಕುಂದುವುದು 10,000ದಲ್ಲಿ ಒಂದು ಪಾಲಿಗೂ ಕಡಿಮೆ! ಗ್ರಹದ ಸೆಳೆತಕ್ಕೆ ನಕ್ಷತ್ರವು ಸ್ವಲ್ಪ ಓಲಾಡುವುದು ಇನ್ನೊಂದು ಗುರುತು. 1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಹೀಗೆಯೇ ಸೂರ್ಯನಂಥ ನಕ್ಷತ್ರವೊಂದರ ಗ್ರಹವನ್ನು ಮೊದಲ ಬಾರಿಗೆ ಕಂಡುಹಿಡಿದರು. ಅಲ್ಲಿ ಒಂದು ವರ್ಷವೆಂದರೆ ನಮ್ಮ ನಾಲ್ಕು ದಿನಗಳಿಗಿಂತ ತುಸು ಹೆಚ್ಚು, ಅಷ್ಟೇ. 2019ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಇಂಥ ಹೇಳಿಕೆ ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಬಂದಿತ್ತು. 1855ರಲ್ಲಿ ಮದ್ರಾಸ್ ವೀಕ್ಷಣಾಲಯದ ಜೇಕಬ್ ಎಂಬವರು 70 ಓಫಿಯೂಕಿ ಎಂಬ ಜೋಡಿ ನಕ್ಷತ್ರದ ಬಳಿ ಗ್ರಹವಿರಬಹುದು ಎಂದರು. ಮುಂದೆ ಪರಿಶೀಲಿಸಿದಾಗ ಅದು ನಿಲ್ಲಲಿಲ್ಲ. ಚಂದ್ರದರ್ಶನದ ಸುದ್ದಿ ಬಂದಾಗ ನಾವು ಸಾಕ್ಷಿಯನ್ನು ವಿಚಾರಿಸದೆ ಈದ್ ಘೋಷಿಸುತ್ತೇವೆಯೇ? ಸುದ್ದಿಯನ್ನು ಪರಿಶೀಲಿಸಬೇಕೆಂಬ ಸೂರಃ ಹುಜುರಾತ್‌ನ ಪಾಠ ಇಲ್ಲಿಯೂ ನೆನಪಾಗುತ್ತದೆ.

ಇನ್ನು ಪ್ರಯೋಜನದ ಮಾತು. ಒಂದೇ ಊರು ಕಂಡವನಿಗೆ ತನ್ನ ಊರಿನ ವಿಶೇಷ ತಿಳಿಯದು. ಈವರೆಗೆ 6,000ಕ್ಕೂ ಹೆಚ್ಚು ಬಾಹ್ಯಗ್ರಹಗಳು ಖಚಿತವಾಗಿವೆ. ಭೂಮಿಗಿಂತ ದೊಡ್ಡ, ನೆಪ್ಚೂನ್‌ಗಿಂತ ಚಿಕ್ಕ ಗ್ರಹಗಳು ಅಲ್ಲಿ ಧಾರಾಳ. ನಮ್ಮ ಸೌರವ್ಯೂಹದಲ್ಲಿ ಅಂಥದ್ದು ಒಂದೂ ಇಲ್ಲ. ಆದರೆ ಜೀವವಿದೆ ಎಂದು ಖಚಿತವಾದ ಗ್ರಹ ಅವುಗಳಲ್ಲಿ ಒಂದೂ ಇಲ್ಲ. ನಾವು ವುಝೂ ಮಾಡುವ ನೀರು, ತಿ. ನರಸೀಪುರದಲ್ಲಿ ಕೂಡುವ ಕಪಿಲೆ-ಕಾವೇರಿ, ಗದ್ದೆಯ ಭತ್ತ ಎಂಥ ಅಮಾನತ್ ಎಂಬುದು ಆಗ ಅರಿವಾಗುತ್ತದೆ. ಇದನ್ನು ಕೆಡಿಸಿದರೆ ಹೋಗಲು ಬೇರೆ ಮನೆ ಇಲ್ಲ.

ಈ ವಿದ್ಯೆ ನಮ್ಮ ಮಕ್ಕಳಿಗೆ ದೂರದ್ದಲ್ಲ. ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆಯಿದೆ. ಲಡಾಖಿನ ಹಾನ್ಲೆಯಲ್ಲಿರುವ ಅದರ 2 ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ; ಬಾಹ್ಯಗ್ರಹಗಳ ಅಧ್ಯಯನಕ್ಕೂ ಅದು ಬಳಕೆಯಾಗಿದೆ. 2019ರಲ್ಲಿ ಭಾರತಕ್ಕೆ ಒಂದು ನಕ್ಷತ್ರಕ್ಕೂ ಅದರ ಗ್ರಹಕ್ಕೂ ಹೆಸರಿಡುವ ಅವಕಾಶ ಸಿಕ್ಕಿತು. ಗ್ರಹಕ್ಕೆ ಸಂತಮಸ ಎಂದೂ, ನಕ್ಷತ್ರಕ್ಕೆ ವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ ಬಿಭಾ ಎಂದೂ ಹೆಸರಿಟ್ಟರು. ಹೆಣ್ಣುಮಕ್ಕಳ ತಂದೆ-ತಾಯಂದಿರು ಇದನ್ನು ಗಮನಿಸಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿದ ಮಗನೋ ಮಗಳೋ ವಿಜ್ಞಾನ ಓದುತ್ತೇನೆಂದರೆ ತಡೆಯದಿರೋಣ. ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನು ಕರುಣಿಸಲಿ. ಆಮೀನ್.