ಒಂದೇ ಒಂದು ಅಪ್ಪುಗೆ... ಊರೆಲ್ಲಾ ಛೀಮಾರಿ!

1972ರ ಆಗಸ್ಟ್ 22. ಅಮೆರಿಕದ ಮಯಾಮಿ. ಸಂಪ್ರದಾಯವಾದಿಗಳ ರಿಪಬ್ಲಿಕನ್ ಪಕ್ಷದ ಯುವಜನ ರ್‍ಯಾಲಿ. ವೇದಿಕೆಯ ಮೇಲೆ ಅಧ್ಯಕ್ಷ ರಿಚರ್ಡ್ ನಿಕ್ಸನ್. ಸಣಕಲು ಮೈಯ ಗಾಯಕನೊಬ್ಬ ಅವರನ್ನು ಗಟ್ಟಿಯಾಗಿ ತಬ್ಬಿಕೊಂಡೇ ಬಿಟ್ಟ! ಕ್ಯಾಮೆರಾಗಳು ಮಿಂಚಿದವು. ಆ ಫೋಟೋ ಆಮೇಲೆ ಅವನ ಬೆನ್ನು ಬಿಡಲೇ ಇಲ್ಲ.

ಯಾರೀತ? ಸ್ಯಾಮಿ ಡೇವಿಸ್ ಜೂನಿಯರ್! ಹಾಡು, ಡ್ಯಾನ್ಸ್, ನಟನೆ, ಮಿಮಿಕ್ರಿ, ಎಲ್ಲಕ್ಕೂ ಸೈ. 1954ರ ಕಾರು ಅಪಘಾತದಲ್ಲಿ ಎಡಗಣ್ಣು ಹೋದರೂ ಸ್ಟೇಜ್ ಬಿಡದ ಗಂಡೆದೆ. ಫ್ರಾಂಕ್ ಸಿನಾಟ್ರಾನ ಖಾಸಾ ದೋಸ್ತ್. 1960ರ 'ಓಷನ್ಸ್ ಇಲೆವೆನ್' ಚಿತ್ರದಲ್ಲಿ ಇಬ್ಬರೂ ಇದ್ದರು. ಕಪ್ಪು ಜನರ ಹಕ್ಕಿಗೆ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರಿಗಾಗಿ ಹಾಡಿ ಹಣ ಕೂಡಿಸಿದವನು ಈ ಸ್ಯಾಮಿ.

ಕಪ್ಪು ಜನರ ಓಟು ಆಗ ಬಹುಪಾಲು ಡೆಮಾಕ್ರಟಿಕ್ ಪಕ್ಷಕ್ಕೆ. ನಿಕ್ಸನ್ ಕಣ್ಣಿಟ್ಟಿದ್ದು ದಕ್ಷಿಣದ ಬಿಳಿಯರ ಓಟಿನ ಮೇಲೆ. ಹಾಗಿದ್ದೂ ಸ್ಯಾಮಿ ಅಲ್ಲಿಗೆ ಯಾಕೆ ಹೋದ?

ಹಳೆಯ ಗಾಯ

1960ರಲ್ಲಿ ಡೆಮಾಕ್ರಟಿಕ್ ಪಕ್ಷದ ಜಾನ್ ಕೆನಡಿ ಪರವಾಗಿ ಸಿನಾಟ್ರಾ ಜೊತೆ ಸ್ಯಾಮಿಯೂ ದುಡಿದ. ಸ್ವೀಡನ್ನಿನ ಬಿಳಿ ನಟಿ ಮೇ ಬ್ರಿಟ್ ಜೊತೆ ಆತನ ಮದುವೆ ನಿಶ್ಚಯವಾಗಿತ್ತು. ಹಲವು ರಾಜ್ಯಗಳಲ್ಲಿ ಅಂಥ ಮದುವೆ ಆಗ ಕಾನೂನಿಗೇ ವಿರುದ್ಧ! ಕೆನಡಿಗೆ ಓಟು ತಪ್ಪಬಾರದು ಅಂತ ಮದುವೆಯನ್ನೇ ಚುನಾವಣೆ ಮುಗಿಯೋವರೆಗೆ ಮುಂದಕ್ಕೆ ಹಾಕಿದ.

ಕೆನಡಿ ಗೆದ್ದರು. 1961ರ ಜನವರಿಯಲ್ಲಿ ಅಧಿಕಾರ ಸ್ವೀಕಾರದ ಸಂಭ್ರಮ. ಸಿನಾಟ್ರಾನೇ ಏರ್ಪಡಿಸಿದ ಭಾರೀ ಸಂಗೀತ ಸಂಜೆ. ಸ್ಯಾಮಿಗೆ ಬಂದ ಸುದ್ದಿ ಮಾತ್ರ ಬೇರೆ: ನೀನು ಬರಬೇಡ!

ಸಿನಾಟ್ರಾನಿಗೂ ಇಂಥದ್ದೇ ಪೆಟ್ಟು. 1962ರಲ್ಲಿ ಆತನ ಮನೆಯಲ್ಲಿ ತಂಗಬೇಕಿದ್ದ ಕೆನಡಿ, ಮಾಫಿಯಾ ನಂಟಿನ ಗುಮಾನಿಯಿಂದ ಗಾಯಕ ಬಿಂಗ್ ಕ್ರಾಸ್ಬಿ ಮನೆಗೆ ಹೋದರು. 1980ರಲ್ಲಿ ಸಿನಾಟ್ರಾ ರಿಪಬ್ಲಿಕನ್ ಹುರಿಯಾಳು, ಮಾಜಿ ನಟ ರೊನಾಲ್ಡ್ ರೇಗನ್ ಪರ ನಿಂತ.

ಸ್ಯಾಮಿಗೆ ನಿಕ್ಸನ್ ಬಾಗಿಲು ತೆರೆದರು. 1971ರಲ್ಲಿ ಬಡವರ ಏಳಿಗೆಗೆ ಸಲಹೆ ಕೊಡುವ ಸರ್ಕಾರಿ ಮಂಡಳಿಗೆ ಸೇರಿಸಿಕೊಂಡರು. 1973ರಲ್ಲಿ ಶ್ವೇತಭವನದಲ್ಲೇ ಹಾಡಿಸಿ, ರಾತ್ರಿ ಅಲ್ಲೇ ಉಳಿಸಿಕೊಂಡರು.

ಬೆಲೆ ತೆತ್ತವರು ಯಾರು?

ಆ ಅಪ್ಪುಗೆಗೆ ಬೈಗುಳದ ಕಾಗದಗಳು ಬಂದವು. ಚಿಕಾಗೋದಲ್ಲಿ ತನ್ನವರೇ ಸೇರಿದ್ದ ಸಭೆಯಲ್ಲಿ ಸ್ಯಾಮಿ ಕಾಣಿಸಿದ್ದೇ ತಡ, ಕೂಗಾಟ! ಪಾದ್ರಿ ಜೆಸ್ಸಿ ಜಾಕ್ಸನ್ ಪಕ್ಕದಲ್ಲಿ ನಿಂತು ಜನರನ್ನು ಸಮಾಧಾನ ಮಾಡಬೇಕಾಯ್ತು. ಅದೇ ವರ್ಷ ನಿಕ್ಸನ್‌ಗೆ ಬೆಂಬಲ ಕೊಟ್ಟ ಗಾಯಕ ಜೇಮ್ಸ್ ಬ್ರೌನ್‌ಗೂ ಅಭಿಮಾನಿಗಳ ವಿರೋಧ ತಪ್ಪಲಿಲ್ಲ.

ನಿಕ್ಸನ್? 50 ರಾಜ್ಯಗಳಲ್ಲಿ 49 ಗೆದ್ದರು! ಸ್ಯಾಮಿ ತಬ್ಬದಿದ್ದರೂ ಗೆಲ್ಲುತ್ತಿದ್ದರು. 1974ರ ಆಗಸ್ಟ್‌ನಲ್ಲಿ ವಾಟರ್‌ಗೇಟ್ ಹಗರಣದಿಂದ ರಾಜೀನಾಮೆ ಕೊಟ್ಟು ಮನೆಗೆ ಹೋದರು. 1990ರಲ್ಲಿ ಸ್ಯಾಮಿ ತೀರಿಕೊಂಡ. ಫೋಟೋ ಮಾತ್ರ ಉಳಿಯಿತು.

ನನಗಂತೂ ಸ್ಯಾಮಿ ಮೇಲೆ ಸಿಟ್ಟು ಬರೋದಿಲ್ಲ. ಮರ್ಯಾದೆ ಸಿಕ್ಕ ಕಡೆ ಹೋದ, ಮನುಷ್ಯ ತಾನೆ? ಆದರೆ ಮರ್ಯಾದೆ ಸಿಕ್ಕಿದ್ದು ಅವನೊಬ್ಬನಿಗೆ. ನಮಗೇನು ಸಿಕ್ಕಿತು ಅನ್ನೋದೇ ಚಿಕಾಗೋ ಜನರ ಸಿಟ್ಟು. ಅದೂ ನ್ಯಾಯವೇ ಅಂತೀನಿ.

ಹುಡುಗರೇ, ನಾಳೆ ನಿಮ್ಮ ಮೆಚ್ಚಿನ ಗಾಯಕನೂ ಯಾವುದೋ ಪಕ್ಷದ ಸ್ಟೇಜ್ ಹತ್ತಬಹುದು. ಪೋಸ್ಟರ್ ಹರೀಬೇಡಿ, ಹಾಡು ಕೇಳೋದು ಬಿಡಬೇಡಿ. "ಅಣ್ಣಾ, ಇದರಿಂದ ನಮಗೇನು?" ಅಂತ ಒಂದು ಮಾತು ಕೇಳಿ. ಉತ್ತರ ಬಂದ ಮೇಲೆ ಓಟಿನ ಮಾತು!