ಮೂವತ್ತು ಎಂದರೆ ಎಷ್ಟು ಮಳೆ?

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ಮಳೆಯನ್ನು ಅಳೆದು ಬರೆದಿಡುವುದು ಹಳೆಯ ಪದ್ಧತಿ. ಬೇಸಗೆಯ ಒಂದು ಬೆಳಿಗ್ಗೆ ಅಂತಹ ಪುಸ್ತಕವೊಂದರಲ್ಲಿ '30' ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ಇದು ಎಷ್ಟು ಮಳೆ?

ತೋಟದವರಿಗೆ ಸಂದೇಹವೇ ಇಲ್ಲ. ಅವರ ಲೆಕ್ಕ ಇಂಚು ಮತ್ತು ಸೆಂಟುಗಳಲ್ಲಿ ನಡೆಯುತ್ತದೆ. ನೂರು ಸೆಂಟಿಗೆ ಒಂದು ಇಂಚು. ಆದುದರಿಂದ ಮೂವತ್ತು ಸೆಂಟು ಎಂದರೆ 7.6 ಮಿಲಿಮೀಟರು. ಆದರೆ ಇದೇ ಅಂಕಿಯನ್ನು ಮಿಲಿಮೀಟರೆಂದು ಓದಿದರೆ ಮಳೆ ಒಂದು ಇಂಚನ್ನು ಮೀರುತ್ತದೆ. ಈ ಅಂತರ ಅಲ್ಪವಾದುದಲ್ಲ. ರೊಬಸ್ಟಾ ಗಿಡದ ಮೊಗ್ಗುಗಳು ಅರಳಲು ಸುಮಾರು ಒಂದು ಇಂಚು ಹೂಮಳೆಯಾದರೂ ಬೇಕು. ಮಳೆ ಸಾಲದಾದಾಗ ಸ್ಪ್ರಿಂಕ್ಲರಿನಿಂದ ನೀರು ಹಾಯಿಸಿ ಕೊರತೆಯನ್ನು ತುಂಬದಿದ್ದರೆ ಮೊಗ್ಗುಗಳು ಸರಿಯಾಗಿ ಅರಳವು. ಆ ವರ್ಷದ ಫಸಲಿಗೆ ನಷ್ಟ.

ಈಗ ಈ ಪುಸ್ತಕವನ್ನು ಮನುಷ್ಯನಲ್ಲ, ಯಂತ್ರವೊಂದು ಓದುತ್ತದೆ ಎಂದು ಕಲ್ಪಿಸಿಕೊಳ್ಳೋಣ. ಕೃತಕ ಬುದ್ಧಿಮತ್ತೆಯ 'ಏಜೆಂಟ್' ಎಂಬುದು ಪ್ರಶ್ನೆಗೆ ಉತ್ತರ ಹೇಳುವುದಷ್ಟೇ ಅಲ್ಲದೆ ಕೆಲಸವನ್ನೂ ಮಾಡಬಲ್ಲ ವ್ಯವಸ್ಥೆ. ಅದರ ಒಳಗಿರುವ ಭಾಷಾ ಮಾದರಿಯು ಅಪಾರ ಬರಹವನ್ನು ಓದಿ ಕಲಿತಿದ್ದರೂ ಇಂದು ಬೆಳಿಗ್ಗೆ ಬಿದ್ದ ಮಳೆಯನ್ನು ತಾನಾಗಿಯೇ ಅರಿಯದು. ಅದಕ್ಕಾಗಿ 'ಉಪಕರಣ'ಗಳನ್ನು ಒದಗಿಸುತ್ತಾರೆ. ತೋಟದ ಪುಸ್ತಕವನ್ನು ಓದುವುದು ಒಂದು ಉಪಕರಣ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿಗಳನ್ನು ತರುವುದು ಇನ್ನೊಂದು.

ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ಉಪಕರಣದ ಒಳಗಿನ ಯಂತ್ರಲಿಪಿ ಸಾಮಾನ್ಯವಾಗಿ ಮಾದರಿಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಮೂರೇ: ಉಪಕರಣದ ಹೆಸರು, ಅದರ ವಿವರಣೆ, ಅದಕ್ಕೆ ಕೊಡಬೇಕಾದ ಮಾಹಿತಿಯ ಪಟ್ಟಿ. 2024ರ ನವೆಂಬರಿನಲ್ಲಿ ಆಂತ್ರೊಪಿಕ್ ಸಂಸ್ಥೆ ಪ್ರಕಟಿಸಿದ 'ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್' ಎಂಬ ಒಡಂಬಡಿಕೆಯಲ್ಲಿಯೂ ಉಪಕರಣಗಳನ್ನು ಹೀಗೆಯೇ ಪರಿಚಯಿಸುತ್ತಾರೆ. ಇವನ್ನು ಓದಿ ಮಾದರಿಯು ಒಂದು ಉಪಕರಣವನ್ನು ಆರಿಸಿ ಕೋರಿಕೆಯನ್ನು ಬರೆಯುತ್ತದೆ. ಹೊರಗಿನ ಕಾರ್ಯಕ್ರಮ ಅದನ್ನು ನಡೆಸಿ ಫಲವನ್ನು ಹಿಂದಿರುಗಿಸುತ್ತದೆ.

ಉಪಕರಣದ ವಿವರಣೆಯಲ್ಲಿ 'ಮಳೆಯನ್ನು ತಿಳಿಸುತ್ತದೆ' ಎಂದಷ್ಟೇ ಇದ್ದರೆ? '30' ಎಂಬ ಉತ್ತರವನ್ನು ಮಾದರಿಯು ಮಿಲಿಮೀಟರೆಂದು ಊಹಿಸುವುದು ಅಸಂಭವವೇನಲ್ಲ. 'ಹೂಮಳೆ ಸಾಕಷ್ಟಾಗಿದೆ, ನೀರು ಹಾಯಿಸಬೇಕಾಗಿಲ್ಲ' ಎಂದು ಅದು ಧೈರ್ಯವಾಗಿ ಹೇಳಿಬಿಡಬಹುದು. 'ಅಂಕಿ ಸೆಂಟುಗಳಲ್ಲಿದೆ' ಎಂದು ಬರೆದರೂ ಸಾಲದು. ನೆಲದ ಅಳತೆಯಲ್ಲಿ ಸೆಂಟು ಎಂದರೆ ಎಕರೆಯ ನೂರನೆಯ ಒಂದು ಭಾಗ! ತೋಟಕ್ಕೆ ಹೊಸದಾಗಿ ಬಂದ ರೈಟರಿಗಾದರೂ ನಾವು ಇದನ್ನೆಲ್ಲ ಬಿಡಿಸಿ ಹೇಳುವುದಿಲ್ಲವೆ? ಯಂತ್ರಕ್ಕೂ ಹಾಗೆಯೇ ಹೇಳಬೇಕು:

'ಈ ತೋಟದಲ್ಲಿ, ಕೇಳಿದ ದಿನದ ಬೆಳಿಗ್ಗೆ 8-30ಕ್ಕೆ ಮುಗಿದ 24 ಗಂಟೆಗಳಲ್ಲಿ ಬಿದ್ದ ಮಳೆಯನ್ನು ಕೊಡುತ್ತದೆ. ಅಂಕಿ ಸೆಂಟುಗಳಲ್ಲಿದೆ; 100 ಸೆಂಟು = 1 ಇಂಚು = 25.4 ಮಿಲಿಮೀಟರು. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಕೊಡಬೇಕು. ಅಳತೆ ಬರೆಯದ ದಿನಕ್ಕೆ ಸೊನ್ನೆಯಲ್ಲ, "ದಾಖಲೆ ಇಲ್ಲ" ಎಂಬ ಉತ್ತರ ಬರುತ್ತದೆ. ಬೇರೆ ಊರಿನ ಮಳೆಗಾಗಲಿ, ಮುನ್ಸೂಚನೆಗಾಗಲಿ ಇದನ್ನು ಬಳಸಬಾರದು.'

ಇದರಲ್ಲಿ ವ್ಯರ್ಥವಾದ ಮಾತು ಒಂದೂ ಇಲ್ಲ. ವೇಳೆಯನ್ನು ಹೇಳಿರುವುದಕ್ಕೆ ಕಾರಣವುಂಟು: ಭಾರತದ ಹವಾಮಾನ ಇಲಾಖೆಯ ಮಳೆದಿನವೂ ಬೆಳಿಗ್ಗೆ 8-30ಕ್ಕೇ ಮುಗಿಯುವುದರಿಂದ, 'ಇಂದಿನ ಮಳೆ'ಯ ಬಹುಭಾಗ ನಿನ್ನೆ ಬಿದ್ದುದಾಗಿರಬಹುದು. 'ದಾಖಲೆ ಇಲ್ಲ' ಎಂಬ ಮಾತಿಲ್ಲದಿದ್ದರೆ ಅಳೆಯದ ಮಳೆಯು ಬಾರದ ಮಳೆಯಾಗಿಬಿಡುತ್ತದೆ. ಯಾವುದಕ್ಕೆ ಬಳಸಬಾರದು ಎಂಬ ಕೊನೆಯ ಮಾತು ಒಂದನ್ನೊಂದು ಹೋಲುವ ಉಪಕರಣಗಳ ನಡುವೆ ಸರಿಯಾದುದನ್ನು ಆರಿಸಲು ನೆರವಾಗುತ್ತದೆ. ಊರುಗಳನ್ನು ಹುಡುಕುವ ಉಪಕರಣವಾದರೆ ಜಿಲ್ಲೆಯ ಹೆಸರನ್ನೂ ಕೇಳಬೇಕು. ಏಕೆಂದರೆ ಆಲೂರು ಎಂಬ ಊರು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯಲ್ಲಿಯೂ ಇದೆ.

ಮಳೆಯ ವಿಷಯದಲ್ಲಿ ತಪ್ಪಿದರೆ ಹೋಗುವುದು ಫಸಲು. ಈ ಬೆಟ್ಟಗಳಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆಯೂ ಉಂಟು. ಇಲ್ಲಿನ ತೋಟಗಳಲ್ಲಿ ಕಾಡಾನೆಗಳು ಸಂಚರಿಸುತ್ತವೆ. ಅವುಗಳ ದಾಳಿಯಿಂದ ಜನ ಸತ್ತಿದ್ದಾರೆ. ಅವುಗಳ ಸುಳಿವನ್ನು ಮೊಬೈಲ್ ಸಂದೇಶಗಳ ಮೂಲಕ ಜನರಿಗೆ ತಿಳಿಸುವ ಏರ್ಪಾಡೂ ಬಂದಿದೆ. ಅಂತಹ ಮಾಹಿತಿಯನ್ನು ಏಜೆಂಟಿಗೆ ಒದಗಿಸುವಾಗ 'ಆನೆಗಳು ಎಲ್ಲಿವೆ ಎಂದು ಹೇಳುತ್ತದೆ' ಎಂದು ಬರೆದರೆ ಅದು ಅಪಾಯಕರವಾದ ಸುಳ್ಳು. 'ಆನೆಗಳು ಕೊನೆಯ ಬಾರಿ ಕಂಡ ಸ್ಥಳವನ್ನೂ ವೇಳೆಯನ್ನೂ ಕೊಡುತ್ತದೆ. ವರದಿಯಿಲ್ಲವೆಂದರೆ ಆನೆಯಿಲ್ಲವೆಂದು ತಿಳಿಯಬಾರದು' ಎಂಬುದೇ ಸತ್ಯ. ಆನೆ ಒಂದೇ ರಾತ್ರಿಯಲ್ಲಿ ಹಲವು ಕಿಲೋಮೀಟರು ನಡೆಯಬಲ್ಲದು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಕಾರ್ಮಿಕರಿಗೆ ಹಿಂದಿನ ಸಂಜೆಯ ಸುದ್ದಿಯನ್ನು ಈಗಿನ ಸುದ್ದಿಯೆಂದು ಹೇಳಿದರೆ ಆಗುವ ಅನಾಹುತವನ್ನು ಬೇರೆ ವಿವರಿಸಬೇಕಾಗಿಲ್ಲ.

ವಿದ್ಯಾರ್ಥಿಗಳು ಇದನ್ನು ಇಂದೇ ಪರೀಕ್ಷಿಸಿ ನೋಡಬಹುದು. ಪ್ರಯೋಗಶಾಲೆಯ ಯಾವುದಾದರೊಂದು ಮಾಪಕದ ವಿವರಣೆಯನ್ನು ಐದು ವಾಕ್ಯಗಳಲ್ಲಿ ಬರೆಯಿರಿ. ಆ ಮಾಪಕವನ್ನು ಎಂದೂ ಕಾಣದ ಗೆಳೆಯನಿಗೆ ಆ ಕಾಗದವನ್ನೂ ಒಂದು ಅಂಕಿಯನ್ನೂ ಮಾತ್ರ ಕೊಟ್ಟು, ಅಂಕಿಯ ಅರ್ಥವೇನೆಂದು ಕೇಳಿರಿ. ಅವನು ಎಲ್ಲಿ ಊಹೆಗೆ ಇಳಿಯುತ್ತಾನೆಯೋ ಅಲ್ಲಿ ನಿಮ್ಮ ವಿವರಣೆಯಲ್ಲಿ ಒಂದು ವಾಕ್ಯ ಕಡಿಮೆಯಾಗಿದೆ.