ಕೆಲಸದ ದಿನಕ್ಕೆ ಉಂಡೆ ಸಾರು

ಬಿತ್ತನೆ, ಕುಯಿಲಿನ ದಿನಗಳಲ್ಲಿ ಅಡಿಗೆಗೆ ಬಿಡುವು ಕಡಮೆ. ಮುದ್ದೆಗೆ ತಿಳಿಸಾರಾದರೆ ಸಾಕೆಂದು ಸುಮ್ಮನಾಗುತ್ತೇವೆ. ಆದರೆ ದುಡಿಯುವ ಮೈಗೂ, ಬೆಳೆಯುವ ಮಕ್ಕಳಿಗೂ, ಬಸುರಿ ಬಾಣಂತಿಯರಿಗೂ ಇಷ್ಟೇ ಸಾಲದು. ರಾಗಿ, ಅಕ್ಕಿಯಲ್ಲಿರುವ ಸಸಾರಜನಕದ ಕೊರತೆಯನ್ನು ಬೇಳೆ ತುಂಬುತ್ತದೆ. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ.

ಐದು ಜನರ ಸಂಸಾರಕ್ಕೆ 200 ಗ್ರಾಂ ತೊಗರಿಬೇಳೆಯನ್ನು ತೊಳೆದು ಎರಡು ಗಂಟೆ ಮೊದಲೇ ನೆನೆಹಾಕಿರಿ. ನೀರು ಬಸಿದು, ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿರಿ. ರುಬ್ಬುವಾಗ ನೀರು ಬೆರೆಸಬೇಡಿ. ಹಿಟ್ಟು ತೆಳುವಾದರೆ ಉಂಡೆ ಸಾರಿನಲ್ಲಿ ಒಡೆಯುತ್ತದೆ. ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು, ಸ್ವಲ್ಪ ಕಾಯಿತುರಿ ಕಲಸಿ, ನಿಂಬೆಹಣ್ಣಿಗಿಂತ ಚಿಕ್ಕದಾಗಿ 20 ಉಂಡೆ ಕಟ್ಟಿರಿ.

ಒಂದೂವರೆ ಲೀಟರ್ ನೀರಿಗೆ ಈರುಳ್ಳಿ, ಸಾರಿನಪುಡಿ, ಉಪ್ಪು ಹಾಕಿ ಕುದಿಸಿರಿ. ಚೆನ್ನಾಗಿ ಕುದಿಯುವಾಗ ನಾಲ್ಕು ನಾಲ್ಕಾಗಿ ಉಂಡೆಗಳನ್ನು ಬಿಡಿರಿ. ಅವು ಗಟ್ಟಿಯಾಗುವ ತನಕ ಸೌಟು ಆಡಿಸಬಾರದು. ಉರಿ ತಗ್ಗಿಸಿ, ಮುಚ್ಚಿ, ಸುಮಾರು 15 ನಿಮಿಷ ಬೇಯಿಸಿರಿ. ಒಂದನ್ನು ಮುರಿದು ನೋಡಿ. ಒಳಗೆ ಹಸಿ ಇದ್ದರೆ ಇನ್ನೂ ಸ್ವಲ್ಪ ಹೊತ್ತು ಬಿಡಿ. ಹುಣಿಸೆರಸ ಕಡೆಗೆ ಹಾಕಿರಿ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಗ ಬೇಯದು. ಹುಳಿ ಹಾಕಿ ಒಂದು ಕುದಿ ಬಂದ ಮೇಲೆ ಒಗ್ಗರಣೆ ಕೊಟ್ಟು ಇಳಿಸಿರಿ.

ಐದು ಜನರಿಗೆ ತಲೆಗೆ ನಾಲ್ಕು ಉಂಡೆ. ಮಕ್ಕಳಿಗೆ ಬರಿಯ ಸಾರು ಬಡಿಸದೆ ಉಂಡೆಯನ್ನೂ ಹಾಕಿರಿ. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ಮನೆಯಾಕೆಯ ನಾಲ್ಕು ಉಂಡೆಗಳನ್ನು ಮೊದಲೇ ತೆಗೆದಿಡಿ. ಆಕೆಯೂ ಹೊಲದಲ್ಲಿ ನಿಮ್ಮಷ್ಟೇ ದುಡಿದು ಬಂದವಳು.